ಕೆಲಸಗಾರರು ಕೂರುವ ವಿಚಾರದಲ್ಲಿ ಸ್ಪಷ್ಟೀಕರಣ

ವಿಶ್ವವಿದ್ಯಾನಿಲಯದ ಹೊರಕ್ಷೇತ್ರಗಳ ಕಚೇರಿ
ಕ್ಯಾಂಪು: ಚನ್ನಗಿರಿ

ಸಂಖ್ಯೆ: ಹೊ.ಕ್ಷೇ.ಕ./ಆಸನ/೧೭/೪೬
ದಿನಾಂಕ: ೨೧ನೇ ಜೂನ್ ೧೯೪೬

ವಿಷಯ: ವಿಶ್ವವಿದ್ಯಾನಿಲಯಕ್ಕೂ ಹೊರಕ್ಷೇತ್ರ ಕೆಲಸಗಾರರ ಸಂಘಕ್ಕೂ ನಡೆದ ಮಾತುಕತೆಯಲ್ಲಿ ಯಾರು ಕೂತರು, ಯಾರು ನಿಂತರು, ಇನ್ನು ಮುಂದೆ ಯಾರು ಎಲ್ಲಿ ಕೂರತಕ್ಕದ್ದು ಎಂಬ ಬಗ್ಗೆ.

ಉಲ್ಲೇಖ:
(ಅ) ಪ್ರಯೋಗ ಕ್ಷೇತ್ರದ ಸೂಪರಿಂಟೆಂಡೆಂಟ್ ಮಹೇಶ್ವರಪ್ಪನವರ ವರದಿ, ‘ಕುರ್ಚಿಯ ಅತಿಕ್ರಮಣ’.
(ಆ) ಸಂಘದ ಅಧ್ಯಕ್ಷ ಜುಂಜಪ್ಪನವರ ಬೇಡಿಕೆ ಪತ್ರ.
(ಇ) ಜಗಳೂರು ಕೇಂದ್ರದಿಂದ ಬಂದ ತಂತಿ: ‘ಜಗಳವಿಲ್ಲ. ಕೆಲಸವೂ ಇಲ್ಲ.’

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಕೇಂದ್ರಗಳ ಸಮಸ್ತ ಸಿಬ್ಬಂದಿಗೆ, ಕೂತಿರುವವರಿಗೂ ನಿಂತಿರುವವರಿಗೂ, ತಿಳಿಯಪಡಿಸುವುದೇನೆಂದರೆ: ಬಸವಾಪಟ್ಟಣದ ಬಸ್ಸಿನಲ್ಲಿ ‘ರಿಜಿಸ್ಟ್ರಾರರು ಸೋತು ಕೂತರು’ ಎಂದು ಜನ ಮಾತನಾಡಿಕೊಳ್ಳುತ್ತಿರುವುದು ಈ ಕಚೇರಿಯ ಗಮನಕ್ಕೆ ಬಂದಿರುತ್ತದೆ. ಅವರು ಸೋತಿಲ್ಲ. ಕೂತದ್ದು ಮಾತ್ರ ನಿಜ. ಈ ಎರಡರ ನಡುವಣ ವ್ಯತ್ಯಾಸವನ್ನು ಸಾರ್ವಜನಿಕರು ಅರಿಯುವುದು ಅಗತ್ಯವೆಂದು ಕಂಡುಬಂದ ಕಾರಣ, ನಡೆದದ್ದನ್ನು ನಡೆದ ಹಾಗೆಯೇ ಕೆಳಗೆ ಕಾಣಿಸಲಾಗಿದೆ.

೧. ಸೂಳೆಕೆರೆ ನಾಲೆಯ ಪಕ್ಕದ ಪ್ರಯೋಗ ಕ್ಷೇತ್ರದಲ್ಲಿ ಅಡಿಕೆ ಸಸಿಗಳ ಮಡಿಗೆ ನೀರು ಹೊರುತ್ತಿದ್ದ ಕಾಟಮ್ಮ ಎಂಬ ಹೆಣ್ಣಾಳು, ಕಳೆದ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ತುಂಬಿದ ಕೊಡವನ್ನು ಕೆಳಗಿಳಿಸಿ, ಕಚೇರಿಯ ಜಗಲಿಯ ಮೇಲಿದ್ದ ಬೆತ್ತದ ಕುರ್ಚಿಯಲ್ಲಿ ಕೂತಳು. ಸದರಿ ಕುರ್ಚಿಯು ತನಿಖೆಗೆ ಬರುವ ಪ್ರೊಫೆಸರರಿಗೆ ಮೀಸಲಾದದ್ದು. ಈವರೆಗೆ ಯಾವ ಪ್ರೊಫೆಸರರೂ ತನಿಖೆಗೆ ಬಂದಿರುವುದಿಲ್ಲ. ಮಹೇಶ್ವರಪ್ಪನವರ ವರದಿಯಲ್ಲಿ ಕುರ್ಚಿಯ ಬಣ್ಣ, ಹೆಣಿಗೆ, ಕಾಲುಗಳ ಸ್ಥಿತಿ ಎಲ್ಲವನ್ನೂ ವಿವರವಾಗಿ ಬರೆಯಲಾಗಿದೆ. ಕಾಟಮ್ಮನಿಗೆ ಆಗ ಏಳು ತಿಂಗಳು ತುಂಬಿತ್ತೆಂಬುದನ್ನು ಬರೆದಿರುವುದಿಲ್ಲ.

ಆ ಸಂದರ್ಭದಲ್ಲಿ ಆಡಿದ ಮಾತುಗಳನ್ನು ಕೇಳಿದವರ ಹೇಳಿಕೆಯಂತೆ ಇಲ್ಲಿ ಕೊಡಲಾಗಿದೆ.

ಮಹೇಶ್ವರಪ್ಪನವರು: ‘‘ಏಯ್, ಏಳು ಮ್ಯಾಲೆ. ಅದು ಯಾರ ಕುರ್ಚಿ ಅಂತ ಗೊತ್ತೈತಾ?’’

ಕಾಟಮ್ಮ: ‘‘ಒಂದೀಟು ತಡೀರಿ ಸಾಹೇಬ್ರೆ. ಕಣ್ಣಿಗೆ ಕತ್ತಲೆ ಬಂದೈತೆ. ಯಾರ ಕುರ್ಚಿ ಅಂತ ನೋಡಾಕೂ ಆಗ್ತಿಲ್ಲ.’’

ಈ ಉತ್ತರವನ್ನು ಉದ್ಧಟತನವೆಂದು ಪರಿಗಣಿಸಲಾಯಿತು. ಅಧಿಕಾರವಿಲ್ಲದೆ ಪೀಠೋಪಕರಣ ಉಪಯೋಗಿಸಿದ ಕಾರಣಕ್ಕಾಗಿ ಆಕೆಯನ್ನು ಅದೇ ದಿನ ಕೆಲಸದಿಂದ ತೆಗೆಯಲಾಯಿತು. ಆಕೆ ಕೆಳಗಿಟ್ಟಿದ್ದ ಕೊಡವನ್ನು ಮತ್ತೆ ಎತ್ತಿಕೊಂಡು, ನೀರನ್ನು ಮಡಿಗೆ ಹೊಯ್ದು, ತಲೆಯ ಮೇಲಿನ ಸಿಂಬೆಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ತನ್ನೂರು ಕತ್ತಲಗೆರೆಯ ದಾರಿ ಹಿಡಿದಳು. ಕೆಲಸದಿಂದ ತೆಗೆದ ಮೇಲೂ ನೀರು ಹೊಯ್ದದ್ದು ಅನಧಿಕೃತ. ಆದರೆ ಹೊಯ್ದ ನೀರನ್ನು ಹಿಂದಕ್ಕೆ ಪಡೆಯುವ ಕ್ರಮ ಯಾವ ನಿಯಮದಲ್ಲಿಯೂ ಇಲ್ಲದ ಕಾರಣ ಆ ವಿಚಾರವನ್ನು ಕೈಬಿಡಲಾಗಿದೆ.

೨. ಹೊರಕ್ಷೇತ್ರ ಕೆಲಸಗಾರರ ಸಂಘವನ್ನು ಅದುವರೆಗೆ ಈ ಕಚೇರಿಯು ಭಜನೆಯ ಸಂಘವೆಂದು ಭಾವಿಸಿತ್ತು. ಮರುದಿನ ಸಂಘದ ಅಧ್ಯಕ್ಷರೂ ಕ್ಷೇತ್ರದ ತೋಟದ ಮೇಸ್ತ್ರಿಯೂ ಆದ ಜುಂಜಪ್ಪನವರು ಎರಡು ಬೇಡಿಕೆಗಳ ಪತ್ರವನ್ನು ತಂದುಕೊಟ್ಟಾಗ ಆ ಭಾವನೆ ತಪ್ಪೆಂದು ತಿಳಿಯಿತು. ಬೇಡಿಕೆಗಳು: ಒಂದು, ಕಾಟಮ್ಮನನ್ನು ವಾಪಸು ಕೆಲಸಕ್ಕೆ ತೆಗೆದುಕೊಳ್ಳುವುದು. ಎರಡು, ಕೆಲಸದ ವೇಳೆಯಲ್ಲಿ ತಲೆ ಸುತ್ತು ಬಂದ ಯಾರೇ ಆಗಲಿ ಕೂರಬಹುದೆಂದು ಅಪ್ಪಣೆ ಕೊಡುವುದು.

ವಿಶ್ವವಿದ್ಯಾನಿಲಯದ ನಿಬಂಧನೆಗಳಲ್ಲಿ ತಲೆ ಸುತ್ತಿನ ಪ್ರಸ್ತಾಪವಿಲ್ಲವೆಂದೂ, ಪ್ರಸ್ತಾಪವಿಲ್ಲದ್ದು ಬರತಕ್ಕದ್ದಲ್ಲವೆಂದೂ ಉತ್ತರ ಕೊಡಲಾಯಿತು. ಮಹೇಶ್ವರಪ್ಪನವರು ತಮ್ಮ ಕಡೆಯಿಂದ ಒಂದು ರಿಯಾಯಿತಿಯನ್ನು ಸೂಚಿಸಿದರು: ಕೆಲಸಗಾರರು ತಲೆ ಸುತ್ತುವುದಕ್ಕೆ ಮೊದಲೇ ಲಿಖಿತ ಅರ್ಜಿ ಸಲ್ಲಿಸಿ ಒಪ್ಪಿಗೆ ಪಡೆದಲ್ಲಿ ಕೂರುವ ವಿಷಯವನ್ನು ಪರಿಶೀಲಿಸಬಹುದು. ಇದನ್ನು ಓದಿ ಹೇಳಿದಾಗ ಕಸ ಗುಡಿಸುವ ಗಿಡ್ಡಮ್ಮ ಎಂಬ ಹಿರಿಯ ಹೆಂಗಸು, ‘‘ಅರ್ಜಿ ಬರೆಯಾಕೆ ಕುಂತ್ಕಬೌದಾ, ಅದನ್ನೂ ನಿಂತೇ ಬರೀಬೇಕಾ?’’ ಎಂದು ಕೇಳಿದಳು. ಪ್ರಶ್ನೆಯನ್ನು ಮೇಲಧಿಕಾರಿಗಳ ಅಭಿಪ್ರಾಯಕ್ಕೆ ಕಳುಹಿಸಲಾಯಿತು.

೩. ಉತ್ತರ ಬಾರದ್ದರಿಂದ ಮೇ ತಿಂಗಳಲ್ಲಿ ನಾಲ್ಕೂ ಕೇಂದ್ರಗಳಲ್ಲಿ ಕೆಲಸ ನಿಂತಿತು. ನ್ಯಾಮತಿಯ ಅಧಿಕಾರಿಗಳು ಜವಾನನನ್ನು ಕರೆಯಲು ಗಂಟೆ ಬಾರಿಸಿ ಬಾರಿಸಿ ಗಂಟೆಯ ನಾಲಗೆ ಕಳಚಿ ಬಿದ್ದಿತು. ಹೊನ್ನಾಳಿಯ ಅಧಿಕಾರಿಗಳು ತಮ್ಮ ಕೊಡೆಯನ್ನು ತಾವೇ ಹಿಡಿದುಕೊಂಡು ಹೊಳೆದಂಡೆಯಲ್ಲಿ ನಡೆದುಹೋಗುತ್ತಿದ್ದುದನ್ನು ಕಂಡ ಸಾರ್ವಜನಿಕರು, ಯಾರೋ ತೀರಿಕೊಂಡಿರಬೇಕೆಂದು ಹಿಂದೆ ನಡೆದರು. ಜಗಳೂರಿನ ಸಂಗತಿಯನ್ನು ಮೇಲಿನ ತಂತಿಯಿಂದ ಅರಿಯಬಹುದು.

ಆದರೆ ಸಸಿಗಳಿಗೆ ನೀರು ಹೊಯ್ಯುವುದನ್ನು ಕೆಲಸಗಾರರು ನಿಲ್ಲಿಸಲಿಲ್ಲ. ಕಾಟಮ್ಮನ ಪಾಲಿನ ಮಡಿಗಳಿಗೂ ಹೆಂಗಸರು ಸರದಿಯ ಮೇಲೆ ಹೊತ್ತು ಹಾಕಿದರು. ಮುಷ್ಕರ ಹೂಡಿದವರು ಕೆಲಸ ಮಾಡುವುದು ಮುಷ್ಕರದ ನಿಯಮಕ್ಕೆ ವಿರುದ್ಧವೆಂದು ಮಹೇಶ್ವರಪ್ಪನವರು ಆಕ್ಷೇಪಿಸಿದಾಗ ಜುಂಜಪ್ಪನವರು, ‘‘ನಮ್ದು ತಕರಾರು ನಿಮ್ ಕೂಡೆ ಐತೆ ಸಾಹೇಬ್ರೆ, ಗಿಡದ ಕೂಡೆ ಇಲ್ಲ. ಗಿಡ ಯಾರನ್ನ ಕುರ್ಚಿಯಿಂದ ಎಬ್ಬಿಸೈತೆ?’’ ಎಂದರು.

೪. ಈ ಹಂತದಲ್ಲಿ ಮಾನ್ಯ ರಿಜಿಸ್ಟ್ರಾರರು ಸ್ವತಃ ಚನ್ನಗಿರಿಗೆ ದಯಮಾಡಿಸಿ, ಪ್ರವಾಸಿ ಬಂಗಲೆಯಲ್ಲಿ ಮಾತುಕತೆಗೆ ಸಂಘವನ್ನು ಕರೆಸಿದರು. ಸಂಘದ ಪರವಾಗಿ ಜುಂಜಪ್ಪ ಮತ್ತು ಗಿಡ್ಡಮ್ಮ, ವಿಶ್ವವಿದ್ಯಾನಿಲಯದ ಪರವಾಗಿ ರಿಜಿಸ್ಟ್ರಾರರು ಮತ್ತು ಮಹೇಶ್ವರಪ್ಪ, ನಡವಳಿ ಬರೆಯಲು ಕೆಳಗೆ ಸಹಿ ಮಾಡಿರುವ ಶಿರಸ್ತೇದಾರ ಹಾಜರಿದ್ದರು. ಕುರ್ಚಿಗಳು ಮೂರು ಇದ್ದವು. ಸಂಘದ ಪ್ರತಿನಿಧಿಗಳು ವಾಡಿಕೆಯಂತೆ ನಿಂತು ಅರಿಕೆ ಮಾಡಿಕೊಳ್ಳುವರೆಂದು ನಿರೀಕ್ಷಿಸಲಾಗಿತ್ತು.

ಜುಂಜಪ್ಪನವರು ಬಾಗಿಲಲ್ಲೇ ನಿಂತು, ‘‘ನಾವು ಕುಂತು ಮಾತಾಡ್ತೀವಿ ಸ್ವಾಮಿ’’ ಎಂದರು.

ರಿಜಿಸ್ಟ್ರಾರರು ನೆಲವನ್ನು ತೋರಿಸಿದರು.

‘‘ನೀವು ಮ್ಯಾಲೆ, ನಾವು ಕೆಳಗೆ ಕುಂತ್ರೆ ಅದು ಮಾತುಕತೆ ಹೆಂಗಾಗ್ತೈತೆ? ಅದು ಪುರಾಣ ಕೇಳ್ದಂಗೆ. ಎದುರಾಬದರ ಕುಂತ್ಕಬೇಕು.’’

ಸಂಘದವರಿಗೆ ಕುರ್ಚಿ ಕೊಟ್ಟರೆ, ಕುರ್ಚಿಯ ವಿಚಾರವಾಗಿಯೇ ನಡೆಯಬೇಕಾದ ಮಾತುಕತೆಯನ್ನು ಶುರುವಾಗುವ ಮೊದಲೇ ಸೋತಂತಾಗುವುದೆಂದು ಮಹೇಶ್ವರಪ್ಪನವರು ರಿಜಿಸ್ಟ್ರಾರರ ಕಿವಿಯಲ್ಲಿ ಹೇಳಿದರು. ದೀರ್ಘ ಆಲೋಚನೆಯ ತರುವಾಯ ರಿಜಿಸ್ಟ್ರಾರರು ಈ ಮಧ್ಯಮ ಮಾರ್ಗವನ್ನು ಕಂಡುಹಿಡಿದರು: ಯಾರೂ ಕೂರತಕ್ಕದ್ದಲ್ಲ. ಎಲ್ಲರೂ ನಿಲ್ಲತಕ್ಕದ್ದು. ಸಮಾನತೆಯೂ ಉಳಿಯುವುದು, ಪದ್ಧತಿಯೂ ಉಳಿಯುವುದು. ಮೂರೂ ಕುರ್ಚಿಗಳನ್ನು ಹೊರಗೆ ಹಾಕಲಾಯಿತು. ಮೇಜನ್ನು ಕಂಡರೆ ಕೂರುವ ಆಸೆ ಹುಟ್ಟಬಹುದೆಂದು ಅದನ್ನೂ ಹೊರಗೆ ಹಾಕಲಾಯಿತು.

ದಿನವೆಲ್ಲ ನಿಂತು ದುಡಿಯುವವರ ಎದುರಿಗೆ ನಿಲ್ಲುವ ಪಂದ್ಯ ಕಟ್ಟುತ್ತಿದ್ದೇವೆಂಬುದು ಆ ಕ್ಷಣದಲ್ಲಿ ವಿಶ್ವವಿದ್ಯಾನಿಲಯದ ಯಾರಿಗೂ ಹೊಳೆಯಲಿಲ್ಲವೆಂದು ವಿಷಾದದಿಂದ ದಾಖಲಿಸಲಾಗಿದೆ.

೫. ಮೇಜಿಲ್ಲದ ಕಾರಣ ನಡವಳಿ ಬರೆಯುವುದು ದುಸ್ತರವಾಯಿತು. ಗೋಡೆಗೆ ಒತ್ತಿ ಬರೆಯಲು ಯತ್ನಿಸಿದಾಗ ಸುಣ್ಣ ಉದುರಿ ಅಕ್ಷರಗಳು ಮುಚ್ಚಿಹೋದವು. ಇದನ್ನು ಕಂಡ ಜುಂಜಪ್ಪನವರು ತಿರುಗಿ ನಿಂತು, ತುಸು ಬಾಗಿ, ‘‘ನನ್ ಬೆನ್ನ ಮ್ಯಾಲೆ ಇಟ್ಕಂಡು ಬರ್ಕಳ್ರಿ ಶಿರಸ್ತೇದಾರ್ರೆ. ಸುಳ್ಳು ಬರೆದ್ರೆ ಮಾತ್ರ ಚುಚ್ಚುತೈತೆ’’ ಎಂದರು. ಆ ದಿನದ ನಡವಳಿಯನ್ನು ಹಾಗೆಯೇ ಬರೆಯಲಾಯಿತು. ಆದ ಕಾರಣ ಅವರು ಆ ದಿನವಿಡೀ ಕೋಣೆಯ ಬಾಗಿಲಿಗೆ ಮುಖ ಮಾಡಿಯೇ ವಾದಿಸಿದರು. ಈ ಪ್ರಸಂಗವನ್ನು ಆಧಾರವಾಗಿಟ್ಟುಕೊಂಡು ಸಂಘದ ಅಧ್ಯಕ್ಷರ ಬೆನ್ನನ್ನು ಕಚೇರಿಯ ಪೀಠೋಪಕರಣವೆಂದು ಯಾವ ಕೇಂದ್ರವೂ ಪರಿಗಣಿಸತಕ್ಕದ್ದಲ್ಲವೆಂದು ಆಜ್ಞಾಪಿಸಲಾಗಿದೆ.

೬. ಮಧ್ಯಾಹ್ನದ ಹೊತ್ತಿಗೆ ಮಹೇಶ್ವರಪ್ಪನವರು ಗೋಡೆಗೆ ಒರಗಿದರು. ‘‘ಒರಗೋದು ಅರ್ಧ ಕುಂತಂಗೆ’’ ಎಂದು ಗಿಡ್ಡಮ್ಮ ತಕರಾರು ತೆಗೆದಳು. ಒರಗುವುದು ಕೂರುವುದರ ಭಾಗವೋ ನಿಲ್ಲುವುದರ ಭಾಗವೋ ಎಂಬ ಚರ್ಚೆ ಬಹಳ ಹೊತ್ತು ನಡೆದು, ಕೊನೆಗೆ ಉಭಯ ಪಕ್ಷಗಳೂ ಈ ಕೆಳಗಿನ ವ್ಯಾಖ್ಯೆಗಳನ್ನು ಒಪ್ಪಿದವು. ಇವು ಈಗಲೂ ಜಾರಿಯಲ್ಲಿರುತ್ತವೆ.

(ಕ) ಹೆಗಲು ಮಾತ್ರ ಗೋಡೆಗೆ ತಾಗಿದರೆ ನಿಂತಂತೆ.
(ಖ) ಹೆಗಲೂ ಸೊಂಟವೂ ತಾಗಿದರೆ ಕೂತಂತೆ.
(ಗ) ಕುಕ್ಕರುಗಾಲಿನಲ್ಲಿರುವುದು ಕೂತಂತೆಯೂ ಅಲ್ಲ, ನಿಂತಂತೆಯೂ ಅಲ್ಲ; ಅದು ಖಾಸಗಿ ವಿಷಯ.
(ಘ) ಒಂದೇ ಕಾಲಿನ ಮೇಲೆ ನಿಂತು ಇನ್ನೊಂದಕ್ಕೆ ವಿಶ್ರಾಂತಿ ಕೊಡುವುದನ್ನು ಅಧಿಕಾರಿಗಳಿಗೆ ಮಾತ್ರ ಅನುಮತಿಸಲಾಗಿದೆ. ಕೆಲಸಗಾರರು ತಮಗೆ ಅದು ಬೇಕಿಲ್ಲವೆಂದು ತಿಳಿಸಿರುತ್ತಾರೆ.

ಬೇಡಿಕೆಗಳ ವಿಚಾರ ಆ ದಿನ ಬರಲಿಲ್ಲ. ನಡುವೆ ರಿಜಿಸ್ಟ್ರಾರರು ‘ಕೆಲವು ಕಾಗದಗಳನ್ನು ನೋಡಬೇಕಾಗಿದೆ’ ಎಂದು ಪಕ್ಕದ ಕೋಣೆಗೆ ಹೋದರು. ಅಲ್ಲಿಂದ ಬೆತ್ತ ಕಿರುಗುಟ್ಟುವ ಶಬ್ದ ಕೇಳಿಬಂದಿತು. ‘‘ಕಾಗದ ಬಲು ಭಾರ ಅದಾವೆ ಅಂತ ಕಾಣ್ತೈತೆ’’ ಎಂದು ಗಿಡ್ಡಮ್ಮ ಹೇಳಿದ್ದನ್ನು ನಡವಳಿಯಿಂದ ತೆಗೆದುಹಾಕುವಂತೆ ಅಪ್ಪಣೆಯಾಯಿತು. ತೆಗೆದುಹಾಕಲಾಗಿದೆ.

೭. ಎರಡನೆಯ ದಿನ ಪಕ್ಕದ ಕೋಣೆಗೆ ಬೀಗ ಹಾಕಿಸಬೇಕೆಂದು ಸಂಘ ಕೇಳಿತು. ರಿಜಿಸ್ಟ್ರಾರರು ಮರುಮಾತಿಲ್ಲದೆ ಒಪ್ಪಿದರು. ಅವರ ಪಾದಗಳು ಊದಿಕೊಂಡು ಜೋಡು ಹಿಡಿಸುತ್ತಿರಲಿಲ್ಲ. ಬರಿಗಾಲಲ್ಲಿ ನಿಂತು ಅವರು ವಿಶ್ವವಿದ್ಯಾನಿಲಯದ ಧ್ಯೇಯಗಳ ಬಗ್ಗೆ ಮಾತು ಆರಂಭಿಸಿದರು. ವಿದ್ಯೆಯು ಮನುಷ್ಯನನ್ನು ಮೇಲಕ್ಕೆತ್ತುತ್ತದೆ ಎಂಬ ವಾಕ್ಯದ ನಡುವೆ, ಪೇಟಾ ಸಮೇತ, ನೆಲದ ಮೇಲೆ ಕೂತುಬಿಟ್ಟರು.

ಇದು ಬಿದ್ದದ್ದಲ್ಲ. ಕೆಳಗೆ ಸಹಿ ಮಾಡಿರುವವನು ಕಣ್ಣಾರೆ ಕಂಡಂತೆ, ಅವರು ಮೊದಲು ಒಂದು ಕೈಯನ್ನು ನೆಲಕ್ಕೆ ಊರಿ, ಆಮೇಲೆ ಇನ್ನೊಂದನ್ನು ಊರಿ, ಬಹಳ ನಿಧಾನವಾಗಿ ಕೂತರು. ಕೂತು ಕಣ್ಣು ಮುಚ್ಚಿಕೊಂಡು, ‘‘ಅಯ್ಯಪ್ಪಾ’’ ಎಂದರು. ಯಾರು ನಗಬೇಕಿತ್ತೋ ಅವರೂ ನಗಲಿಲ್ಲ. ಗಿಡ್ಡಮ್ಮ ಹೊರಗೆ ಹೋಗಿ ಚೊಂಬಿನಲ್ಲಿ ನೀರು ತಂದು ಅವರ ಮುಂದಿಟ್ಟು, ಕುಡಿಯುತ್ತಾರೋ ಇಲ್ಲವೋ ಎಂದು ಅನುಮಾನದಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಗಿಡ್ಡಮ್ಮ ಯಾವ ಕೇರಿಯವಳೆಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ರಿಜಿಸ್ಟ್ರಾರರು ಚೊಂಬನ್ನು ಎತ್ತಿ, ಪೂರ್ತಿ ಕುಡಿದು, ‘‘ಇನ್ನೊಂದಿಷ್ಟು ಇದೆಯೇನಮ್ಮಾ?’’ ಎಂದು ಕೇಳಿದರು.

ಆಗ ಜುಂಜಪ್ಪನವರು ಪಂಚೆ ಸರಿಮಾಡಿಕೊಂಡು ರಿಜಿಸ್ಟ್ರಾರರ ಎದುರಿಗೆ ನೆಲದ ಮೇಲೆ ಕೂತರು. ನೆಲದ ಮೇಲೆ ಕೂರುವುದಿಲ್ಲವೆಂದು ಅವರು ಹಿಂದೆ ಹೇಳಿದ್ದನ್ನು ಮಹೇಶ್ವರಪ್ಪನವರು ನೆನಪಿಸಿದಾಗ, ‘‘ಸ್ವಾಮೇರೂ ನೆಲದ ಮ್ಯಾಲೆ ಅದಾರಲ್ರೀ. ಈಗ ಎದುರಾಬದರ ಆತು’’ ಎಂದರು. ಗಿಡ್ಡಮ್ಮನೂ ಅವರ ಪಕ್ಕದಲ್ಲಿ ಕೂತಳು.

ವಿಶ್ವವಿದ್ಯಾನಿಲಯದ ಮಾತುಕತೆಯು ವಾಸ್ತವವಾಗಿ ಆರಂಭವಾದದ್ದು ಈ ಘಳಿಗೆಯಲ್ಲಿ ಎಂದು ಭಾವಿಸತಕ್ಕದ್ದು.

೮. ಮಹೇಶ್ವರಪ್ಪನವರು ಮಾತ್ರ ಕೂರಲು ಒಪ್ಪದೆ ನಿಂತೇ ಇದ್ದರು. ಕಚೇರಿಯ ಮರ್ಯಾದೆಯ ಪರವಾಗಿ ಒಬ್ಬರಾದರೂ ನಿಲ್ಲಬೇಕಲ್ಲವೆ ಎಂಬುದು ಅವರ ನಿಲುವಾಗಿತ್ತು. ರಿಜಿಸ್ಟ್ರಾರರು ಅವರನ್ನು ನೋಡಿ, ‘‘ಆ ಹೆಣ್ಣುಮಗಳು ಎಷ್ಟು ಹೊತ್ತು ಕೂತಿದ್ದಳಪ್ಪಾ?’’ ಎಂದು ಕೇಳಿದರು.

‘‘ಗೊತ್ತಿಲ್ಲ ಸಾರ್. ನೋಡಿದ ಕೂಡ್ಲೆ ಎಬ್ಬಿಸಿದೆ.’’

‘‘ಬಸುರಿ ಅಂತ ಕಾಣಲಿಲ್ಲವೆ?’’

ಮಹೇಶ್ವರಪ್ಪನವರು, ಯಾರೂ ಕೇಳದಿದ್ದರೂ, ತಮ್ಮ ಮನೆಯ ವಿಷಯವನ್ನು ಹೇಳತೊಡಗಿದರು. ಕಾಟಮ್ಮನನ್ನು ತೆಗೆದ ಸುದ್ದಿ ತಿಳಿದ ದಿನದಿಂದ ಅವರ ಧರ್ಮಪತ್ನಿ ಕಸ್ತೂರಮ್ಮನವರು ಊಟಕ್ಕೆ ಮಣೆ ಹಾಕುವುದನ್ನು ನಿಲ್ಲಿಸಿದ್ದರು. ‘‘ಕಚೇರ್‍ಯಾಗೆ ಬಸುರೀನ ನಿಲ್ಲಿಸ್ತೀರಂತೆ, ಮನ್ಯಾಗೆ ನೀವು ನಿಂತೇ ಉಣ್ರಿ ಅಂತಾಳೆ ಸಾರ್. ತಟ್ಟೆ ಕೈಯಾಗೆ ಕೊಡ್ತಾಳೆ. ನನಗೂ ಅವತ್ತೇ ಅನ್ನಿಸ್ತು, ತಪ್ಪಾತು ಅಂತ. ಆದ್ರೆ ವರದಿ ಬರೆದಾಗಿತ್ತು. ಬರೆದ ಮ್ಯಾಲೆ ಹಿಂದಕ್ಕೆ ತಗಳ್ಳಾದು ಹೆಂಗೆ?’’

ಗಿಡ್ಡಮ್ಮ ತುಸು ಪಕ್ಕಕ್ಕೆ ಸರಿದು, ‘‘ಬರ್ರಿ ಸಾಹೇಬ್ರೆ, ಕುಂತ್ಕಳ್ರಿ. ಜಾಗ ಐತೆ’’ ಎಂದಳು. ಅವರು ಕೂತರು. ಅವರು ಕೂತದ್ದರಿಂದ ಕೆಳಗೆ ಸಹಿ ಮಾಡಿರುವವನಿಗೂ ಕೂರಲು ಸಾಧ್ಯವಾಯಿತು. ಅದುವರೆಗೆ ಅವನಿಗೆ ಕೂರೆಂದು ಯಾರೂ ಹೇಳಿರಲಿಲ್ಲ.

೯. ಒಪ್ಪಂದ ಸಂಜೆಯೊಳಗೆ ಮುಗಿಯಿತು. ಅದರಂತೆ ಈ ಮೂಲಕ ಹೊರಡಿಸಲಾದ ನಿಯಮಗಳು:

(ಕ) ನಾಲ್ಕೂ ಕೇಂದ್ರಗಳ ಜಗಲಿಯಲ್ಲಿ ಒಂದೊಂದು ಬೆಂಚು ಹಾಕತಕ್ಕದ್ದು. ಬೆಂಚಿಗೆ ಹಿಂದೆ ಒರಗು ಇರಬೇಕೆಂಬ ಸಂಘದ ಕೋರಿಕೆಯನ್ನು ವಿಶ್ವವಿದ್ಯಾನಿಲಯವು ತತ್ವಶಃ ವಿರೋಧಿಸಿ, ಆಚರಣೆಯಲ್ಲಿ ಒಪ್ಪಿರುತ್ತದೆ.

(ಖ) ತಲೆ ಸುತ್ತು ಬಂದವರು ಮೊದಲು ಕೂರತಕ್ಕದ್ದು, ಆಮೇಲೆ ತಿಳಿಸತಕ್ಕದ್ದು. ಮೊದಲು ತಿಳಿಸಿ ಆಮೇಲೆ ಬಿದ್ದವರ ಹೊಣೆ ಕಚೇರಿಯದಲ್ಲ.

(ಗ) ತಲೆ ಸುತ್ತು ನಿಜವೋ ಸುಳ್ಳೋ ಎಂದು ಪರೀಕ್ಷಿಸಬಯಸುವ ಅಧಿಕಾರಿಯು, ತುಂಬಿದ ಕೊಡ ಹೊತ್ತು ನಾಲೆಯಿಂದ ಮಡಿಯವರೆಗೆ ತಾನೇ ನಡೆದು ಬಂದು ಪರೀಕ್ಷೆ ಆರಂಭಿಸತಕ್ಕದ್ದು. ಈ ಷರತ್ತನ್ನು ಸೇರಿಸಿದವರು ಮಹೇಶ್ವರಪ್ಪನವರೇ.

(ಘ) ಮಾತುಕತೆಗೆ ಬಂದ ಸಂಘದ ಪ್ರತಿನಿಧಿಗಳಿಗೆ ಅಧಿಕಾರಿಗಳು ಕೂರುವ ಎತ್ತರದಲ್ಲಿಯೇ ಆಸನ ಕೊಡತಕ್ಕದ್ದು. ಕುರ್ಚಿ ಸಾಲದಿದ್ದಲ್ಲಿ ಎಲ್ಲರೂ ಕೆಳಗೆ. ರಿಜಿಸ್ಟ್ರಾರರು ನೆಲದ ಮೇಲೆ ಕೂತದ್ದನ್ನು ಇನ್ನು ಮುಂದೆ ‘ಸೋಲು’ ಎನ್ನದೆ ‘ಪದ್ಧತಿ’ ಎನ್ನತಕ್ಕದ್ದು.

(ಙ) ಕಾಟಮ್ಮನವರನ್ನು ಮೊದಲಿನ ಕೆಲಸಕ್ಕೆ ಮರಳಿ ತೆಗೆದುಕೊಳ್ಳಲಾಗಿದೆ.

೧೦. ಮೇಲಿನ (ಙ)ಯನ್ನು ತಿಳಿಸಲು ಮಹೇಶ್ವರಪ್ಪನವರು ತಾವೇ ಹೋಗುವುದಾಗಿ ಹೇಳಿ, ಈ ಶಿರಸ್ತೇದಾರನನ್ನು ಕರೆದುಕೊಂಡು ಕತ್ತಲಗೆರೆಗೆ ಹೋದರು. ಕಾಟಮ್ಮನವರು ಗುಡಿಸಲಿನ ಒಳಗಿದ್ದರು. ಹೆರಿಗೆಯಾಗಿ ವಾರವೂ ಆಗಿರಲಿಲ್ಲ. ಬಾಗಿಲ ಹೊರಗೆ ನಿಂತು ಮಹೇಶ್ವರಪ್ಪನವರು ಆಜ್ಞೆಯನ್ನು ಓದಿದರು. ಓದಿ ಮುಗಿಸಿ, ಕಾಗದದಲ್ಲಿ ಬರೆದಿರದ ಒಂದು ಮಾತನ್ನು ಸೇರಿಸಿದರು: ‘‘ಅವತ್ತು ನಾನು ಹಂಗೆ ಎಬ್ಬಿಸಬಾರದಿತ್ತಮ್ಮಾ.’’

ಒಳಗಿನಿಂದಲೇ ಕಾಟಮ್ಮನವರು, ‘‘ಮಡಿಗೆ ನೀರು ಯಾರು ಹಾಕ್ತಾ ಅದಾರೆ?’’ ಎಂದರು. ಹೆಂಗಸರೆಲ್ಲ ಸರದಿಯ ಮೇಲೆ ಹಾಕುತ್ತಿರುವರೆಂದು ತಿಳಿಸಲಾಯಿತು. ‘‘ಹಂಗಾದ್ರೆ ಎಳ್ಡು ತಿಂಗ್ಳು ಅವ್ರೇ ಹಾಕ್ಲಿ. ಕೂಸಿಗೆ ಕತ್ತು ನಿಂತ ಮ್ಯಾಲೆ ಬರ್ತೀನಿ. ನನ್ ಕೆಲ್ಸ ಹಂಗೇ ಇರ್ಬೇಕು.’’

ಇಂಥ ರಜೆ ಯಾವ ನಿಯಮದಲ್ಲಿಯೂ ಇಲ್ಲದಿರುವುದನ್ನು, ಕರ್ತವ್ಯದ ದೃಷ್ಟಿಯಿಂದ, ಕೆಳಗೆ ಸಹಿ ಮಾಡಿರುವವನು ತಿಳಿಸಬೇಕಾಯಿತು. ಯಾವ ರೂಲಿನ ಪ್ರಕಾರ ಕೊಡಬೇಕೆಂದು ಕೇಳಲಾಯಿತು.

‘‘ಕೂಸು ಯಾವ ರೂಲಿನಾಗೆ ಹುಟ್ಟೈತೋ ಅದೇ ರೂಲಿನಾಗೆ ಕೊಡ್ರಿ.’’

ಮಹೇಶ್ವರಪ್ಪನವರು ಅಲ್ಲಿಯೇ, ಗುಡಿಸಲಿನ ಕಟ್ಟೆಯ ಮೇಲೆ ಕೂತು, ರಜೆ ಮಂಜೂರು ಮಾಡಿ ಸಹಿ ಹಾಕಿದರು. ಅವರಿಗೆ ಆ ಅಧಿಕಾರವಿರಲಿಲ್ಲ. ರಿಜಿಸ್ಟ್ರಾರರ ಗಮನಕ್ಕೆ ತಂದಾಗ ಅವರು ತಮ್ಮ ಪಾದಗಳನ್ನು ಬಿಸಿನೀರಿನಲ್ಲಿ ಇಳಿಬಿಟ್ಟುಕೊಂಡೇ ‘ಸರಿ’ ಎಂದು ಷರಾ ಬರೆದಿರುತ್ತಾರೆ. ಸದರಿ ರಜೆಯನ್ನು ಮುಂದಿನವರಿಗೆ ಮೇಲ್ಪಂಕ್ತಿಯೆಂದು ಭಾವಿಸತಕ್ಕದ್ದಲ್ಲ. ಹಾಗೆ ಭಾವಿಸಿರುವ ಅಜ್ಜಮ್ಮ, ಶಂಕ್ರಮ್ಮ ಮತ್ತು ಹೊನ್ನಾಳಿಯ ತಿಪ್ಪಮ್ಮ ಇವರ ಅರ್ಜಿಗಳನ್ನು ಮೇಲ್ಪಂಕ್ತಿಯಿಲ್ಲದೆಯೇ ಮಂಜೂರು ಮಾಡಲಾಗಿದೆ.

ಈ ಸುತ್ತೋಲೆಯನ್ನು ಓದುವವರು ಕೂತು ಓದಬಹುದು.

ರಿಜಿಸ್ಟ್ರಾರರ ಅಪ್ಪಣೆಯ ಮೇರೆಗೆ,
(ಸಹಿ) ಬೆನಕಪ್ಪ
ಶಿರಸ್ತೇದಾರ, ಹೊರಕ್ಷೇತ್ರಗಳ ಕಚೇರಿ

ಪ್ರತಿಗಳು:
೧. ಹೊನ್ನಾಳಿ, ನ್ಯಾಮತಿ, ಜಗಳೂರು ಕೇಂದ್ರಗಳ ಅಧಿಕಾರಿಗಳಿಗೆ. ನ್ಯಾಮತಿಗೆ ಗಂಟೆಯ ಹೊಸ ನಾಲಗೆ ಲಗತ್ತಿಸಿದೆ, ಮೆಲ್ಲಗೆ ಬಾರಿಸುವುದು.
೨. ಹೊರಕ್ಷೇತ್ರ ಕೆಲಸಗಾರರ ಸಂಘದ ಅಧ್ಯಕ್ಷರಿಗೆ, ಗೌರವಪೂರ್ವಕವಾಗಿ. (‘ಭಜನೆಯ ಸಂಘ’ ಎಂಬ ಹಳೆಯ ಮೇಲ್ವಿಳಾಸವನ್ನು ಹೊಡೆದುಹಾಕಿದೆ.)
೩. ಬಸವಾಪಟ್ಟಣದ ಬಸ್ಸಿನ ಕಂಡಕ್ಟರರಿಗೆ, ಪ್ರಯಾಣಿಕರ ತಿಳಿವಳಿಕೆಗಾಗಿ.
೪. ಶ್ರೀಮತಿ ಕಸ್ತೂರಮ್ಮನವರಿಗೆ, ಮಣೆಯ ಬಗ್ಗೆ ಸೂಕ್ತ ಕ್ರಮಕ್ಕಾಗಿ.
೫. ಶ್ರೀಮತಿ ಕಾಟಮ್ಮನವರಿಗೆ. ಓದಿ ಹೇಳತಕ್ಕದ್ದು. ಕೂಸು ಮಲಗಿದ್ದಲ್ಲಿ ಎದ್ದ ಮೇಲೆ ಓದತಕ್ಕದ್ದು.